ತೆಗೆದುಹಾಕಿದ ತಂತ್ರಾಂಶದ ಅವಶೇಷಗಳು

ಬಾಡಿಗೆಯ ಮನೆಯನ್ನು ಬಿಟ್ಟುಹೋಗುವ ಸಂಸಾರವೊಂದು ತನ್ನ ಪೆಟ್ಟಿಗೆ, ಪಾತ್ರೆ, ಹಾಸಿಗೆಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಹೊರಟುಹೋಗುತ್ತದೆ. ಮನೆ ಖಾಲಿಯಾಯಿತೆಂದು ಮಾಲೀಕ ಬೀಗ ಹಾಕುತ್ತಾನೆ. ಆದರೆ ಒಳಹೊಕ್ಕು ನೋಡಿದರೆ ಗೋಡೆಯಲ್ಲಿ ನಾಲ್ಕಾರು ಮೊಳೆಗಳು ಉಳಿದಿರುತ್ತವೆ. ಮರುದಿನ ಬೆಳಗ್ಗೆ ಹಾಲಿನವನು ಎಂದಿನಂತೆ ಬಂದು ಬಾಗಿಲು ತಟ್ಟುತ್ತಾನೆ. ಅಂಚೆಯವನು ಹಿಂದಿನವರ ಹೆಸರಿನ ಕಾಗದವನ್ನು ಕಿಟಕಿಯಿಂದ ಒಳಗೆ ಹಾಕಿ ಹೋಗುತ್ತಾನೆ. ಮೊಳೆಯಿಂದ ಯಾರಿಗೂ ತೊಂದರೆಯಿಲ್ಲ. ಹಾಲಿನವನಿಂದ ಬೆಳಗಿನ ನಿದ್ದೆ ಕೆಡುತ್ತದೆ. ಕಾಗದವಾದರೋ ಹಿಂದಿನವರ ಗುಟ್ಟನ್ನು ಹೊಸಬರ ಕೈಗೆ ಒಪ್ಪಿಸಿಬಿಡಬಹುದು.

ಕಂಪ್ಯೂಟರಿನಿಂದ ಒಂದು ತಂತ್ರಾಂಶವನ್ನು ತೆಗೆದುಹಾಕಿದಾಗ ನಡೆಯುವುದೂ ಹೆಚ್ಚುಕಡಮೆ ಇದೇ. ತೆಗೆಯುವ ಕೆಲಸ ಪೂರ್ತಿಯಾಯಿತೆಂಬ ಮಾತು ತೆರೆಯ ಮೇಲೆ ಮೂಡುತ್ತದೆ. ಒಳಗೆ ಮಾತ್ರ ಮೊಳೆಗಳೂ ಉಳಿದಿರುತ್ತವೆ, ಹಾಲಿನವನೂ ಬರುತ್ತಿರುತ್ತಾನೆ, ಕಾಗದಗಳೂ ಬಿದ್ದಿರುತ್ತವೆ. ಈ ಅವಶೇಷಗಳು ಯಾವುವು, ಅವು ಏಕೆ ಉಳಿಯುತ್ತವೆ, ಯಾವುದನ್ನು ತೆಗೆಯಬೇಕು, ಯಾವುದನ್ನು ಮುಟ್ಟಕೂಡದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ವಿಷಯ ಚಿಕ್ಕದೆಂದು ತೋರಬಹುದು. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಇರುವುದು ಒಂದೇ ಕಂಪ್ಯೂಟರು. ಅಕ್ಕನ ಪ್ರಬಂಧ, ತಮ್ಮನ ಪಾಠ, ತಂದೆಯ ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲಿಯೇ ನಡೆಯುತ್ತವೆ. ಅಂಥ ಯಂತ್ರವನ್ನು ಶುಚಿಮಾಡಹೋಗಿ ಕೆಡಿಸಿಕೊಂಡರೆ, ಅಥವಾ ಶುಚಿಯಾಗಿದೆಯೆಂದು ನಂಬಿ ಪರರಿಗೆ ಮಾರಿಬಿಟ್ಟರೆ, ಆಗುವ ನಷ್ಟ ಚಿಕ್ಕದಲ್ಲ.

ಕಂಪ್ಯೂಟರುಗಳನ್ನು ನಡೆಸುವ ವ್ಯವಸ್ಥೆಗಳು ಹಲವು. ನಮ್ಮ ಮನೆ, ಕಾಲೇಜುಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ವಿಂಡೋಸ್ ಆದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ.

ಸ್ಥಾಪನೆ ಎಂದರೇನು?

ತೆಗೆಯುವುದನ್ನು ಅರಿಯಬೇಕಾದರೆ ಮೊದಲು ಹಾಕುವುದನ್ನು ಅರಿಯಬೇಕು. ಒಂದು ತಂತ್ರಾಂಶವನ್ನು ಸ್ಥಾಪಿಸುವಾಗ ಅದರ ಫೈಲುಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬಂದು ಕುಳಿತುಕೊಳ್ಳುತ್ತವೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅವು ನಾಲ್ಕಾರು ಕಡೆ ಹಂಚಿಹೋಗುತ್ತವೆ. ಮುಖ್ಯ ಭಾಗ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರಿಗೆ ಹೋಗುತ್ತದೆ. ಎಲ್ಲ ಬಳಕೆದಾರರಿಗೂ ಸಾಮಾನ್ಯವಾದ ಮಾಹಿತಿ ‘ಪ್ರೋಗ್ರಾಮ್ ಡೇಟಾ’ ಎಂಬಲ್ಲಿ ಸೇರುತ್ತದೆ. ಒಬ್ಬೊಬ್ಬ ಬಳಕೆದಾರನ ಇಷ್ಟಾನಿಷ್ಟಗಳ ದಾಖಲೆ ಅವನವನ ಹೆಸರಿನ ಕೆಳಗಿನ ‘ಆಪ್ ಡೇಟಾ’ ಎಂಬ ಫೋಲ್ಡರಿನಲ್ಲಿ ಇರುತ್ತದೆ. ಇದು ಸಾಮಾನ್ಯವಾಗಿ ಕಣ್ಣಿಗೆ ಬೀಳದಂತೆ ಮರೆಯಾಗಿರುತ್ತದೆ. ಯಂತ್ರ ಚಾಲೂ ಆದೊಡನೆ ತಾನೂ ಏಳಬೇಕೆಂದು ಬಯಸುವ ತಂತ್ರಾಂಶವು ‘ಸ್ಟಾರ್ಟಪ್’ ಪಟ್ಟಿಯಲ್ಲಿಯೋ ‘ಸರ್ವಿಸ್’ಗಳ ಪಟ್ಟಿಯಲ್ಲಿಯೋ ತನ್ನ ಹೆಸರನ್ನು ಬರೆಸಿಡುತ್ತದೆ.

ಇವುಗಳ ಜೊತೆಗೆ ‘ರಿಜಿಸ್ಟ್ರಿ’ ಎಂಬ ದೊಡ್ಡ ದಾಖಲೆಯ ಪುಸ್ತಕವೊಂದುಂಟು. ವಿಂಡೋಸಿನ ಮೊದಲ ಕಾಲದಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನ ವಿವರಗಳನ್ನು ಚಿಕ್ಕ ಚಿಕ್ಕ ಬರಹದ ಫೈಲುಗಳಲ್ಲಿ ಬರೆದಿಡುತ್ತಿತ್ತು. ಇಂಥ ಚೀಟಿಗಳು ಯಂತ್ರದ ತುಂಬ ಚೆದುರಿಹೋಗಿ ಗೊಂದಲವಾದುದರಿಂದ, 1995ರಲ್ಲಿ ಬಂದ ವಿಂಡೋಸ್ 95 ಅವನ್ನೆಲ್ಲ ಒಂದೇ ಕಡೆ ಕ್ರಮವಾಗಿ ಬರೆದಿಡುವ ಏರ್ಪಾಡನ್ನು ಮಾಡಿತು. ಒಂದು ಹಳ್ಳಿಯ ಪಹಣಿ, ಖಾತೆ, ಮನೆಗಂದಾಯಗಳ ಲೆಕ್ಕವೆಲ್ಲ ಒಂದೇ ಕಚೇರಿಗೆ ಬಂದಂತಾಯಿತು. ಯಾವ ಬಗೆಯ ಫೈಲನ್ನು ಯಾವ ತಂತ್ರಾಂಶ ತೆರೆಯಬೇಕು, ಯಾವ ಸಾಧನಕ್ಕೆ ಯಾವ ಚಾಲಕ, ಯಾವುದು ಯಾವಾಗ ಏಳಬೇಕು ಎಂಬ ವಿವರಗಳೆಲ್ಲ ಇದರಲ್ಲಿ ಇರುತ್ತವೆ.

ಅದೇ ವಿಂಡೋಸ್ 95ರ ಕಾಲದಲ್ಲಿಯೇ ತಂತ್ರಾಂಶವನ್ನು ತೆಗೆಯುವುದಕ್ಕೂ ಒಂದು ಶಿಷ್ಟಾಚಾರ ಏರ್ಪಟ್ಟಿತು. ವಿಂಡೋಸ್ 95ಕ್ಕೆ ತಕ್ಕದ್ದೆಂಬ ಲಾಂಛನವನ್ನು ಧರಿಸಬಯಸುವ ತಂತ್ರಾಂಶವು ತನ್ನನ್ನು ತೆಗೆದುಹಾಕುವ ಸಾಧನವನ್ನೂ ತಾನೇ ಒದಗಿಸಬೇಕೆಂದು ಮೈಕ್ರೋಸಾಫ್ಟ್ ಸಂಸ್ಥೆ ನಿಯಮ ಮಾಡಿತು. ಈ ಸಾಧನವನ್ನೇ ‘ಅನ್‌ಇನ್‌ಸ್ಟಾಲರ್’ ಎನ್ನುವುದು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಅದನ್ನು ಬರೆಯುವವರು ಆಯಾ ತಂತ್ರಾಂಶದ ಕರ್ತೃಗಳೇ. ಮನೆಯನ್ನು ಬಿಡುವಾಗ ಗುಡಿಸಿ ಹೋಗುವ ಹೊಣೆ ಬಾಡಿಗೆದಾರನದು. ಕೆಲವರು ಚೊಕ್ಕಟವಾಗಿ ಗುಡಿಸುತ್ತಾರೆ. ಕೆಲವರು ಗುಡಿಸಿದಂತೆ ಮಾಡುತ್ತಾರೆ.

ಅವಶೇಷಗಳು ಉಳಿಯುವುದೇಕೆ?

ಹಾಗೆಂದು ಉಳಿಕೆಗಳಿಗೆಲ್ಲ ಸೋಮಾರಿತನವೇ ಕಾರಣವೆನ್ನಲಾಗದು. ಕಾರಣಗಳು ಹಲವು.

ಮೊದಲನೆಯದು: ಸ್ಥಾಪನೆಯ ದಿನ ಯಾವ ಯಾವ ಫೈಲುಗಳನ್ನು ಇಟ್ಟೆವೆಂಬ ಪಟ್ಟಿ ಅನ್‌ಇನ್‌ಸ್ಟಾಲರಿನ ಕೈಯಲ್ಲಿ ಇರುತ್ತದೆ. ಅನಂತರ ದಿನನಿತ್ಯದ ಬಳಕೆಯಲ್ಲಿ ಹುಟ್ಟಿದ ಫೈಲುಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದುದನ್ನು ಅದು ಮುಟ್ಟುವುದಿಲ್ಲ. ಆದುದರಿಂದಲೇ ಫೋಲ್ಡರು ಪೂರ್ತಿ ಬರಿದಾಗದೆ ಉಳಿದುಕೊಳ್ಳುತ್ತದೆ.

ಎರಡನೆಯದು: ಕೆಲವನ್ನು ಬೇಕೆಂದೇ ಉಳಿಸಲಾಗುತ್ತದೆ. ನಾವು ಬರೆದ ಲೇಖನ, ಬಿಡಿಸಿದ ಚಿತ್ರ, ಆಟದಲ್ಲಿ ತಲಪಿದ ಹಂತ ಇವು ನಮ್ಮವು. ತಂತ್ರಾಂಶ ಹೋದರೂ ಇವು ಹೋಗಬಾರದು. ಮುಂದೆ ಮತ್ತೆ ಸ್ಥಾಪಿಸಿದಾಗ ಹಿಂದಿನ ಏರ್ಪಾಡು ಸಿಗಲೆಂಬ ಸದುದ್ದೇಶದಿಂದಲೂ ಕೆಲವು ದಾಖಲೆಗಳನ್ನು ಬಿಡುವುದುಂಟು. ಸದುದ್ದೇಶವಲ್ಲದ ಕಾರಣವೂ ಒಂದಿದೆ. ಮೂವತ್ತು ದಿನ ಬಿಟ್ಟಿಯಾಗಿ ಬಳಸಲು ಕೊಟ್ಟ ತಂತ್ರಾಂಶವನ್ನು ತೆಗೆದು, ಮರುದಿನ ಮತ್ತೆ ಹಾಕಿ, ಇನ್ನೊಂದು ಮೂವತ್ತು ದಿನ ಬಳಸುವ ಜಾಣರನ್ನು ತಡೆಯಲು ಕರ್ತೃಗಳು ಯಾವುದೋ ಮೂಲೆಯಲ್ಲಿ ಗುರುತೊಂದನ್ನು ಬಿಟ್ಟುಹೋಗುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯವಾದುದು. ಕೆಲವು ಫೈಲುಗಳು ಒಬ್ಬರ ಸ್ವತ್ತಲ್ಲ. ಅಕ್ಷರಗಳನ್ನು ಮೂಡಿಸುವ, ಧ್ವನಿಯನ್ನು ಹೊರಡಿಸುವ, ಲೆಕ್ಕ ಮಾಡುವ ಸಾಮಾನ್ಯ ಕೆಲಸಗಳಿಗಾಗಿ ಹಲವು ತಂತ್ರಾಂಶಗಳು ಒಂದೇ ಉಪಕರಣವನ್ನು ಹಂಚಿಕೊಳ್ಳುತ್ತವೆ. ವಠಾರದ ನಾಲ್ಕು ಸಂಸಾರಗಳಿಗೆ ಒಂದೇ ಬಾವಿ ಇದ್ದಂತೆ. ಒಂದು ಸಂಸಾರ ಹೊರಟಿತೆಂದು ಬಾವಿಯನ್ನು ಮುಚ್ಚಿದರೆ ಮಿಕ್ಕವರ ಗತಿಯೇನು? ಇದಕ್ಕಾಗಿ ರಿಜಿಸ್ಟ್ರಿಯಲ್ಲಿ ಒಂದು ಎಣಿಕೆ ಇರುತ್ತದೆ. ಹಂಚಿಕೆಯ ಫೈಲನ್ನು ಬಳಸುವ ತಂತ್ರಾಂಶವೊಂದು ಬಂದರೆ ಎಣಿಕೆ ಒಂದು ಹೆಚ್ಚುತ್ತದೆ, ಹೋದರೆ ಒಂದು ಕಡಮೆಯಾಗುತ್ತದೆ, ಸೊನ್ನೆಯಾದಾಗ ಮಾತ್ರ ಫೈಲನ್ನು ತೆಗೆಯಬಹುದು. ಏರ್ಪಾಡು ಸೊಗಸಾಗಿದೆ. ಆದರೆ ಅದೇ ತಂತ್ರಾಂಶವನ್ನು ಎರಡು ಸಲ ಸ್ಥಾಪಿಸಿದಾಗ ಎಣಿಕೆ ಎರಡು ಏರಿ, ತೆಗೆದಾಗ ಒಂದೇ ಇಳಿದರೆ, ಆ ಎಣಿಕೆ ಎಂದಿಗೂ ಸೊನ್ನೆಗೆ ಬಾರದು. ಫೈಲು ವಾರಸುದಾರರಿಲ್ಲದೆ ಉಳಿದುಬಿಡುತ್ತದೆ.

ನಾಲ್ಕನೆಯದು: ತೆಗೆಯುವ ಹೊತ್ತಿನಲ್ಲಿ ಬಳಕೆಯಲ್ಲಿರುವ ಫೈಲನ್ನು ವಿಂಡೋಸ್ ತೆಗೆಯಗೊಡುವುದಿಲ್ಲ. ‘ಮುಂದಿನ ಸಲ ಯಂತ್ರ ಚಾಲೂ ಆಗುವಾಗ ಇದನ್ನು ಅಳಿಸತಕ್ಕದ್ದು’ ಎಂದು ಬರೆದಿಟ್ಟುಕೊಳ್ಳುತ್ತದೆ. ಯಂತ್ರವನ್ನು ಒಮ್ಮೆ ಪುನಃ ಚಾಲೂ ಮಾಡಬೇಕೆಂದು ಕೇಳುವುದು ಈ ಕಾರಣಕ್ಕಾಗಿ. ಐದನೆಯದು: ಒಂದೇ ಯಂತ್ರವನ್ನು ಮನೆಯ ನಾಲ್ವರು ಬೇರೆ ಬೇರೆ ಹೆಸರಿನಲ್ಲಿ ಬಳಸುತ್ತಿದ್ದರೆ, ಒಬ್ಬರು ತೆಗೆದಾಗ ಮಿಕ್ಕ ಮೂವರ ಹೆಸರಿನ ಕೆಳಗಿನ ದಾಖಲೆಗಳು ಸಾಮಾನ್ಯವಾಗಿ ಹಾಗೆಯೇ ನಿಲ್ಲುತ್ತವೆ.

ಯಂತ್ರ ನಿಧಾನವಾಗುವುದು ನಿಜವೆ?

‘ನಿಮ್ಮ ರಿಜಿಸ್ಟ್ರಿಯಲ್ಲಿ ಸಾವಿರ ದೋಷಗಳಿವೆ, ಕೂಡಲೇ ಶುಚಿಗೊಳಿಸಿರಿ’ ಎಂದು ಹೆದರಿಸುವ ತಂತ್ರಾಂಶಗಳನ್ನು ವಾಚಕರು ಕಂಡಿರಬಹುದು. ಈ ಹೆದರಿಕೆಗೆ ಆಧಾರವುಂಟೆ? ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಲೆಕ್ಕ ಹಾಕಿ ನೋಡೋಣ.

ಸಾವಿರ ನಮೂದುಗಳು ವ್ಯರ್ಥವಾಗಿ ಉಳಿದಿವೆ ಎಂದಿಟ್ಟುಕೊಳ್ಳೋಣ. ಒಂದೊಂದಕ್ಕೆ 200 ಬೈಟುಗಳಂತೆ ಒಟ್ಟು 2 ಲಕ್ಷ ಬೈಟುಗಳಾದುವು. ಯಂತ್ರದ ಡಿಸ್ಕಿನ ಸಾಮರ್ಥ್ಯ 256 ಗಿಗಾಬೈಟ್ ಎಂದರೆ 25,600 ಕೋಟಿ ಬೈಟುಗಳು. ಭಾಗಿಸಿದರೆ, ಈ ಕಸವು ಒಟ್ಟು ಜಾಗದಲ್ಲಿ 12 ಲಕ್ಷ 80 ಸಾವಿರದಲ್ಲಿ ಒಂದು ಪಾಲು. ಒಂದು ಪುಟಕ್ಕೆ 2,000 ಬೈಟುಗಳೆಂದು ಹಿಡಿದರೆ, 12 ಕೋಟಿ 80 ಲಕ್ಷ ಪುಟಗಳ ಪುಸ್ತಕ ಭಂಡಾರದಲ್ಲಿ ನೂರು ಪುಟಗಳ ಒಂದು ಹೊತ್ತಗೆ ಬೇಡದ್ದಾಗಿದೆ, ಅಷ್ಟೆ. ಜಾಗದ ಮಾತು ಹೀಗಾಯಿತು.

ಇನ್ನು ವೇಗದ ಮಾತು. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದರಲ್ಲಿ ಒಂದು ಶಬ್ದವನ್ನು ಹುಡುಕುವವನು ಮೊದಲನೆಯ ಪುಟದಿಂದ ಓದುತ್ತಾ ಹೋಗುವುದಿಲ್ಲ. ನಡುವೆ ತೆರೆದು, ಬೇಕಾದ ಶಬ್ದ ಮುಂದಿದೆಯೋ ಹಿಂದಿದೆಯೋ ನೋಡಿ, ಆ ಅರ್ಧದಲ್ಲಿ ಮತ್ತೆ ನಡುವೆ ತೆರೆಯುತ್ತಾನೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಹೆಚ್ಚೆಂದರೆ 17 ಸಲದಲ್ಲಿ ಶಬ್ದ ಸಿಕ್ಕಲೇಬೇಕು. ಏಕೆಂದರೆ ಎರಡನ್ನು 17 ಸಲ ಗುಣಿಸಿದರೆ 1,31,072 ಆಗುತ್ತದೆ. ಈಗ ನಿಘಂಟಿಗೆ ಬಳಕೆ ತಪ್ಪಿದ ಇನ್ನೊಂದು ಸಾವಿರ ಶಬ್ದಗಳನ್ನು ಸೇರಿಸಿದರೂ ಹುಡುಕಾಟ 17ಕ್ಕೆ ಮೀರುವುದಿಲ್ಲ. ರಿಜಿಸ್ಟ್ರಿಯೂ ಶಾಖೋಪಶಾಖೆಗಳಾಗಿ ವಿಂಗಡಿಸಿ ಕ್ರಮದಲ್ಲಿಟ್ಟ ಪುಸ್ತಕವೆ. ತಂತ್ರಾಂಶವು ತನಗೆ ಬೇಕಾದ ಶಾಖೆಗೆ ನೇರವಾಗಿ ಇಳಿಯುತ್ತದೆಯೇ ಹೊರತು ಪುಸ್ತಕವನ್ನೆಲ್ಲ ಓದುವುದಿಲ್ಲ. ಆದುದರಿಂದ ಸಾವಿರ ಸತ್ತ ನಮೂದುಗಳನ್ನು ಕಿತ್ತುಹಾಕಿದರೂ ಯಂತ್ರದ ವೇಗದಲ್ಲಿ ಕೈಗೆ ಸಿಗುವಂಥ ಬದಲಾವಣೆಯನ್ನು ನಿರೀಕ್ಷಿಸಲಾಗದು. ಇವು ಗೋಡೆಯ ಮೊಳೆಗಳು.

ಜೀವವಿರುವ ಅವಶೇಷಗಳು

ಯಂತ್ರವನ್ನು ನಿಜವಾಗಿಯೂ ಕಾಡುವುವು ಹಾಲಿನವನ ಜಾತಿಯವು. ಎಂದರೆ, ಒಡೆಯ ಹೋದರೂ ಕೆಲಸ ನಿಲ್ಲಿಸದವು. ತಂತ್ರಾಂಶ ಹೋದ ಮೇಲೂ ಅದರ ಹೊಸ ಆವೃತ್ತಿಯನ್ನು ಹುಡುಕುವ ಪುಟ್ಟ ಸೇವಕನೊಬ್ಬ ಪ್ರತಿದಿನ ಎದ್ದು ಜಾಲದಲ್ಲಿ ಅಲೆಯುತ್ತಿರಬಹುದು. ‘ಪ್ರತಿ ಗಂಟೆಗೊಮ್ಮೆ ಈ ಕೆಲಸ ಮಾಡು’ ಎಂಬ ಆಜ್ಞೆ ಉಳಿದು, ಮಾಡಬೇಕಾದ ಫೈಲೇ ಇಲ್ಲದೆ ದೋಷದ ಸೂಚನೆ ಮತ್ತೆ ಮತ್ತೆ ತೆರೆಗೆ ಬರಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದುವು ‘ಡ್ರೈವರ್’ಗಳೆಂಬ ಚಾಲಕಗಳು. ಇವು ಯಂತ್ರದ ಹೃದಯಕ್ಕೆ ಹತ್ತಿರದಲ್ಲಿ ಕೆಲಸ ಮಾಡುವುದರಿಂದ ಇವುಗಳಲ್ಲಿ ಆಗುವ ಸಣ್ಣ ಏರುಪೇರೂ ದೊಡ್ಡದಾಗುತ್ತದೆ.

ಇದಕ್ಕೆ 2005ರಲ್ಲಿ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಸೋನಿ ಬಿಎಂಜಿ ಎಂಬ ಸಂಗೀತ ಸಂಸ್ಥೆ ಆ ವರ್ಷ ಮಾರಿದ ಕೆಲವು ಹಾಡಿನ ಸಿ.ಡಿ.ಗಳನ್ನು ಕಂಪ್ಯೂಟರಿನಲ್ಲಿ ಹಾಕಿದಾಗ, ಹಾಡನ್ನು ನಕಲು ಮಾಡುವುದನ್ನು ತಡೆಯುವ ತಂತ್ರಾಂಶವೊಂದು ಯಂತ್ರದೊಳಗೆ ಸೇರಿಕೊಳ್ಳುತ್ತಿತ್ತು. ಅದು ತನ್ನ ಫೈಲುಗಳನ್ನು ಯಂತ್ರದ ಒಡೆಯನ ಕಣ್ಣಿಗೇ ಬೀಳದಂತೆ ಮರೆಮಾಡುತ್ತಿತ್ತು. ಅದನ್ನು ತೆಗೆಯುವ ಸಾಧನವನ್ನು ಕೊಟ್ಟಿರಲಿಲ್ಲ. ಅಕ್ಟೋಬರ್ 31ರಂದು ಮಾರ್ಕ್ ರಸಿನೋವಿಚ್ ಎಂಬ ವಿಂಡೋಸ್ ತಜ್ಞರು ಈ ಗುಟ್ಟನ್ನು ಬಯಲಿಗೆಳೆದರು. ಅವರು ತಮ್ಮ ಯಂತ್ರದಿಂದ ಆ ಚಾಲಕಗಳನ್ನು ಕೈಯಾರೆ ತೆಗೆದಾಗ ಒಂದು ಸೋಜಿಗ ನಡೆಯಿತು: ಸಿ.ಡಿ. ಓದುವ ಸಾಧನವೇ ಯಂತ್ರದಿಂದ ಮಾಯವಾಯಿತು! ಕಾರಣವಿಷ್ಟೆ. ಸಿ.ಡಿ.ಗೂ ವಿಂಡೋಸಿಗೂ ನಡುವೆ ಆ ಚಾಲಕ ಒಂದು ಜರಡಿಯಂತೆ ನಿಂತಿತ್ತು. ‘ಸಿ.ಡಿ.ಯಿಂದ ಬಂದದ್ದೆಲ್ಲ ಈ ಜರಡಿಯ ಮೂಲಕವೇ ಬರತಕ್ಕದ್ದು’ ಎಂಬ ಆಜ್ಞೆ ರಿಜಿಸ್ಟ್ರಿಯಲ್ಲಿ ಇತ್ತು. ಜರಡಿ ಹೋಯಿತು, ಆಜ್ಞೆ ಉಳಿಯಿತು, ದಾರಿ ಕಟ್ಟಿಹೋಯಿತು. ಆ ಆಜ್ಞೆಯನ್ನೂ ಹುಡುಕಿ ತೆಗೆದ ಮೇಲೆಯೇ ಸಾಧನ ಮರಳಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಜನರ ಕೂಗಿನ ಮೇಲೆ ಜಾಲದ ಮೂಲಕ ತೆಗೆಯುವ ಸಾಧನವೊಂದನ್ನು ಒದಗಿಸಲಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್‌ಮನ್ ಅದನ್ನು ಪರೀಕ್ಷಿಸಿ ನೋಡಿದರೆ, ಆ ಸಾಧನ ತಾನೇ ಒಂದು ಅವಶೇಷವನ್ನು ಬಿಟ್ಟುಹೋಗುತ್ತಿತ್ತು. ಅದರ ಮೂಲಕ ಜಾಲದ ಯಾವ ಕಿಡಿಗೇಡಿಯಾದರೂ ಯಂತ್ರವನ್ನು ಹೊಗಬಹುದಾಗಿತ್ತು. ಕೊನೆಗೆ ಆ ಸಿ.ಡಿ.ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಈ ಪ್ರಸಂಗದಿಂದ ಕಲಿಯಬೇಕಾದ ಪಾಠ ಎರಡು. ಅರೆಬರೆ ತೆಗೆಯುವುದು ತೆಗೆಯದೆ ಇರುವುದಕ್ಕಿಂತ ಕೆಟ್ಟದ್ದಾಗಬಹುದು. ತೆಗೆಯಲು ತಂದ ಸಾಧನವನ್ನೂ ಪರೀಕ್ಷಿಸದೆ ನಂಬಕೂಡದು.

ಶುಚಿಮಾಡುವವರ ಕಥೆ

ರಿಜಿಸ್ಟ್ರಿಯನ್ನು ತಾನಾಗಿ ಶುಚಿಗೊಳಿಸುತ್ತೇವೆನ್ನುವ ತಂತ್ರಾಂಶಗಳು ಬಹಳ ಇವೆ. ಯಾವ ನಮೂದು ಸತ್ತಿದೆ, ಯಾವುದು ಮಲಗಿದೆ ಎಂಬುದನ್ನು ಅವು ಊಹೆಯಿಂದ ನಿರ್ಧರಿಸಬೇಕಾಗುತ್ತದೆ. ಊಹೆ ತಪ್ಪಿದರೆ ಮಲಗಿದ್ದುದನ್ನು ಹೂಳಿದಂತಾಗುತ್ತದೆ. ಮೈಕ್ರೋಸಾಫ್ಟ್ ತಾನೇ ಹೊರತಂದಿದ್ದ ‘ವಿಂಡೋಸ್ ಇನ್‌ಸ್ಟಾಲರ್ ಕ್ಲೀನಪ್’ ಎಂಬ ಸಾಧನವನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಒಂದು ತಂತ್ರಾಂಶದ ಉಳಿಕೆಯನ್ನು ತೆಗೆಯಹೋಗಿ ಅದು ಬೇರೆಯವುಗಳ ಭಾಗಗಳನ್ನೂ ಕೆಡಿಸುತ್ತಿದ್ದುದೇ ಕಾರಣ. ರಿಜಿಸ್ಟ್ರಿ ಶುಚಿಗೊಳಿಸುವ ಸಾಧನಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದೂ ಆ ಸಂಸ್ಥೆ ಸ್ಪಷ್ಟವಾಗಿ ತಿಳಿಸಿದೆ.

ಇನ್ನೊಂದು ಅಪಾಯವೂ ಉಂಟು. ಶುಚಿಮಾಡುವವನಿಗೆ ಮನೆಯ ಎಲ್ಲ ಕೋಣೆಗಳ ಬೀಗದಕೈಯನ್ನು ಕೊಡಬೇಕಾಗುತ್ತದೆ. 2017ರ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ, ಬಹು ಜನಪ್ರಿಯವಾದ ‘ಸಿಕ್ಲೀನರ್’ ಎಂಬ ಶುಚಿಕಾರಕ ತಂತ್ರಾಂಶದ 5.33ನೆಯ ಆವೃತ್ತಿಯೊಳಗೆ ದುಷ್ಕರ್ಮಿಗಳು ತಮ್ಮ ಕಳ್ಳ ಸಂಕೇತಗಳನ್ನು ಸೇರಿಸಿಬಿಟ್ಟಿದ್ದರು. ಅದನ್ನು ಕರ್ತೃಗಳ ಅಧಿಕೃತ ತಾಣದಿಂದಲೇ ಸುಮಾರು 22 ಲಕ್ಷ 70 ಸಾವಿರ ಮಂದಿ ಪಡೆದಿದ್ದರು. ದೋಷವನ್ನು ಕಂಡುಹಿಡಿದು ಸರಿಪಡಿಸಲಾಯಿತು. ಆದರೆ ನೂರು ಪುಟಗಳ ಹೊತ್ತಗೆಯೊಂದನ್ನು ತೆಗೆಯಲು ಭಂಡಾರದ ಬೀಗದಕೈಯನ್ನೇ ಪರರಿಗೆ ಕೊಡುವುದು ಎಷ್ಟರಮಟ್ಟಿಗೆ ವಿವೇಕ ಎಂಬುದನ್ನು ವಾಚಕರೇ ಯೋಚಿಸಬಹುದು. ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿಯಿಟ್ಟ ಗಾದೆ ನೆನಪಾಗದೆ ಇರದು.

ಶುಚಿಮಾಡುವ ಕ್ರಮ

ಹಾಗಾದರೆ ಮಾಡತಕ್ಕದ್ದೇನು? ಕ್ರಮ ಹೀಗಿದೆ.

ಮೊದಲು, ಆ ತಂತ್ರಾಂಶದಲ್ಲಿ ಮಾಡಿಟ್ಟ ನಮ್ಮ ಕೆಲಸದ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಬೇಕು. ಹಣ ಕೊಟ್ಟು ಪಡೆದ ತಂತ್ರಾಂಶವಾದರೆ ಅದರ ಪರವಾನಗಿಯನ್ನು ಈ ಯಂತ್ರದಿಂದ ಬಿಡಿಸಿಕೊಳ್ಳಬೇಕು. ಇಲ್ಲವಾದರೆ ಬೇರೆ ಯಂತ್ರದಲ್ಲಿ ಹಾಕುವಾಗ ತೊಡಕಾದೀತು. ‘ಸಿಸ್ಟಮ್ ರಿಸ್ಟೋರ್’ ಎಂಬ ವ್ಯವಸ್ಥೆ ಚಾಲ್ತಿಯಲ್ಲಿದೆಯೇ ಎಂದು ನೋಡಿ, ಅದರಲ್ಲಿ ಒಂದು ಗುರುತನ್ನು ಮಾಡಿಟ್ಟರೆ, ಏನಾದರೂ ಕೆಟ್ಟಾಗ ಯಂತ್ರದ ಏರ್ಪಾಡನ್ನು ಆ ದಿನದ ಸ್ಥಿತಿಗೆ ಮರಳಿಸಬಹುದು.

ಎರಡನೆಯದಾಗಿ, ತಂತ್ರಾಂಶವನ್ನು ‘ಸೆಟಿಂಗ್ಸ್’ನಲ್ಲಿರುವ ಸ್ಥಾಪಿತ ತಂತ್ರಾಂಶಗಳ ಪಟ್ಟಿಯಿಂದಲೇ ತೆಗೆಯಬೇಕು. ಫೋಲ್ಡರನ್ನು ನೇರವಾಗಿ ಅಳಿಸಕೂಡದು. ಹಾಗೆ ಅಳಿಸಿದರೆ ಅನ್‌ಇನ್‌ಸ್ಟಾಲರೂ ಜೊತೆಯಲ್ಲಿಯೇ ಹೋಗಿ, ಪಟ್ಟಿಯಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಈಗಾಗಲೇ ಹಾಗಾಗಿದ್ದರೆ ಅದೇ ತಂತ್ರಾಂಶವನ್ನು ಮತ್ತೊಮ್ಮೆ ಸ್ಥಾಪಿಸಿ, ಬಳಿಕ ಕ್ರಮವಾಗಿ ತೆಗೆಯುವುದು ಸುಲಭವಾದ ಪರಿಹಾರ. ವೈರಸ್ ನಿರೋಧಕ ತಂತ್ರಾಂಶಗಳು ಚಾಲಕಗಳನ್ನು ಆಳವಾಗಿ ನೆಟ್ಟಿರುವುದರಿಂದ ಅವುಗಳ ಕರ್ತೃಗಳು ಪ್ರತ್ಯೇಕವಾದ ತೆಗೆಯುವ ಸಾಧನಗಳನ್ನು ಕೊಡುವುದುಂಟು. ಅವನ್ನು ಕರ್ತೃಗಳ ತಾಣದಿಂದಲೇ ಪಡೆಯಬೇಕು.

ಮೂರನೆಯದಾಗಿ, ಯಂತ್ರವನ್ನು ಪುನಃ ಚಾಲೂ ಮಾಡಬೇಕು. ಬರೆದಿಟ್ಟ ಅಳಿಸುವಿಕೆಗಳು ಆಗ ನಡೆಯುತ್ತವೆ.

ನಾಲ್ಕನೆಯದಾಗಿ, ಹಾಲಿನವನನ್ನು ಹುಡುಕಬೇಕು. ‘ಟಾಸ್ಕ್ ಮ್ಯಾನೇಜರ್’ನ ಸ್ಟಾರ್ಟಪ್ ಪಟ್ಟಿ, ‘ಸರ್ವಿಸಸ್’ ಪಟ್ಟಿ, ‘ಟಾಸ್ಕ್ ಷೆಡ್ಯೂಲರ್’ ಈ ಮೂರು ಕಡೆ ಹೋದವನ ಹೆಸರು ಉಳಿದಿದೆಯೇ ನೋಡಬೇಕು. ಇದ್ದರೆ ಅಳಿಸುವುದಕ್ಕಿಂತ ಮೊದಲು ನಿಷ್ಕ್ರಿಯಗೊಳಿಸುವುದು ಮೇಲು. ಮೇಲೆ ಹೇಳಿದ ರಸಿನೋವಿಚ್ ಮತ್ತು ಅವರ ಸಂಗಡಿಗರು ರಚಿಸಿದ ‘ಆಟೋರನ್ಸ್’ ಎಂಬ ಸಾಧನ ಇವೆಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಅದನ್ನು ಈಗ ಮೈಕ್ರೋಸಾಫ್ಟ್ ಸಂಸ್ಥೆಯೇ ಬಿಟ್ಟಿಯಾಗಿ ಕೊಡುತ್ತದೆ.

ಐದನೆಯದಾಗಿ, ಮೊದಲು ಹೇಳಿದ ಮೂರು ಫೋಲ್ಡರುಗಳಲ್ಲಿ ಆ ತಂತ್ರಾಂಶದ ಹೆಸರಿನದು ಉಳಿದಿದ್ದರೆ ಕೂಡಲೇ ಅಳಿಸದೆ, ಅದರ ಹೆಸರಿನ ಕೊನೆಗೆ ‘ಹಳೆಯದು’ ಎಂದು ಸೇರಿಸಿ ಒಂದು ತಿಂಗಳು ಬಿಡಬೇಕು. ಯಾರಿಗಾದರೂ ಅದು ಬೇಕಾಗಿದ್ದರೆ ಅಷ್ಟರಲ್ಲಿ ದೂರು ಬಂದೇ ಬರುತ್ತದೆ. ಹೆಸರನ್ನು ಮೊದಲಿನಂತೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ. ದೂರು ಬಾರದಿದ್ದರೆ ನಿಶ್ಚಿಂತೆಯಾಗಿ ಅಳಿಸಬಹುದು. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರಿಣಾಮವನ್ನು ನೋಡುತ್ತೇವಲ್ಲವೆ? ಇದೂ ಅದೇ ವಿಧಾನ. ರಿಜಿಸ್ಟ್ರಿಯನ್ನಾದರೋ, ನಿರ್ದಿಷ್ಟವಾದ ತೊಂದರೆಯೊಂದು ಇದ್ದು ಅದರ ಕಾರಣ ಇದೇ ನಮೂದು ಎಂದು ತಿಳಿದಾಗ ಮಾತ್ರ, ಆ ಶಾಖೆಯ ಪ್ರತಿಯನ್ನು ಇಟ್ಟುಕೊಂಡು ತಿದ್ದಬೇಕು. ಇಲ್ಲವಾದರೆ ಮುಟ್ಟದಿರುವುದೇ ಲೇಸು.

ಅಳಿಸಿದ್ದು ಅಳಿಯಿತೆ?

ಇನ್ನು ಉಳಿದದ್ದು ಅಂಚೆಯ ಕಾಗದದ ವಿಚಾರ. ಇಲ್ಲಿ ನಾವು ಭೌತಶಾಸ್ತ್ರಕ್ಕೆ ಹತ್ತಿರ ಬರುತ್ತೇವೆ.

ಕಸದ ಬುಟ್ಟಿಯನ್ನೂ ಬರಿದುಮಾಡಿ ಅಳಿಸಿದ ಫೈಲು ಎಲ್ಲಿ ಹೋಗುತ್ತದೆ? ಹಾರ್ಡ್ ಡಿಸ್ಕಿನಲ್ಲಾದರೆ, ಎಲ್ಲಿಯೂ ಹೋಗುವುದಿಲ್ಲ. ಅಲ್ಲಿ ಮಾಹಿತಿಯು ತಿರುಗುವ ತಟ್ಟೆಯ ಮೇಲೆ ಸೂಕ್ಷ್ಮವಾದ ಅಯಸ್ಕಾಂತೀಯ ಕ್ಷೇತ್ರಗಳ ರೂಪದಲ್ಲಿ ಇರುತ್ತದೆ. ವಿಂಡೋಸ್ ಆ ತಟ್ಟೆಯನ್ನು ಸಾಮಾನ್ಯವಾಗಿ 4,096 ಬೈಟುಗಳ ತುಂಡುಗಳಾಗಿ ಎಣಿಸುತ್ತದೆ. ಫೈಲನ್ನು ಅಳಿಸೆಂದರೆ ಅದು ಪರಿವಿಡಿಯಲ್ಲಿ ಹೆಸರನ್ನು ಹೊಡೆದುಹಾಕಿ, ‘ಈ ತುಂಡುಗಳು ಖಾಲಿ’ ಎಂದು ಗುರುತು ಹಾಕುತ್ತದೆ, ತುಂಡುಗಳನ್ನು ಮುಟ್ಟುವುದಿಲ್ಲ. ಪುಸ್ತಕದ ಪರಿವಿಡಿಯನ್ನು ಹರಿದುಹಾಕಿದರೆ ಅಧ್ಯಾಯ ಹರಿದುಹೋಗುವುದೆ? ಆ ಜಾಗದ ಮೇಲೆ ಬೇರೆ ಫೈಲನ್ನು ಬರೆಯುವವರೆಗೆ ಹಳೆಯ ಬರಹ ಅಲ್ಲಿಯೇ ಇದ್ದು, ತಕ್ಕ ಸಾಧನವಿದ್ದವರಿಗೆ ಓದಲು ಸಿಗುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ ಎಂಬ ಸಂಶೋಧಕರು ಬಳಸಿ ಮಾರಿದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ಫಲವನ್ನು 2003ರಲ್ಲಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಶುಚಿಮಾಡಿದ್ದುವು ಕೇವಲ 12! ಮಿಕ್ಕವುಗಳಲ್ಲಿ ಅವರಿಗೆ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡುಗಳ ಸಂಖ್ಯೆಗಳೂ ಖಾಸಗಿ ಪತ್ರಗಳೂ ದೊರೆತುವು. ಮಾರಿದವರಲ್ಲಿ ಅನೇಕರು ತಮ್ಮ ಡಿಸ್ಕು ಬರಿದಾಗಿದೆಯೆಂದೇ ನಂಬಿದ್ದಿರಬೇಕು.

ಇಂದಿನ ಹೊಸ ಯಂತ್ರಗಳಲ್ಲಿ ತಿರುಗುವ ತಟ್ಟೆಯ ಬದಲು ‘ಎಸ್.ಎಸ್.ಡಿ.’ ಎಂಬ ಘನಸ್ಥಿತಿಯ ಸಂಗ್ರಾಹಕ ಇರುತ್ತದೆ. ಇಲ್ಲಿ ಮಾಹಿತಿ ಎಂದರೆ ನಿರೋಧಕ ಪದರಗಳ ನಡುವೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು. ವಿಚಿತ್ರವೆಂದರೆ, ಬರೆಯುವುದು ಪುಟ ಪುಟವಾಗಿ, ಅಳಿಸುವುದು ನೂರಾರು ಪುಟಗಳ ಕಟ್ಟುಕಟ್ಟಾಗಿ. ಬರೆದ ಪುಟದ ಮೇಲೆಯೇ ತಿದ್ದಿ ಬರೆಯಲಾಗದು. ಆದುದರಿಂದ ಈ ಸಂಗ್ರಾಹಕ ಹೊಸ ಬರಹವನ್ನು ಬೇರೆ ಪುಟಕ್ಕೆ ಒಯ್ದು, ಹಳೆಯದನ್ನು ಬಿಡುವಾದಾಗ ಅಳಿಸುತ್ತದೆ. ‘ಈ ಪುಟಗಳು ಇನ್ನು ಬೇಡ’ ಎಂದು ಅದಕ್ಕೆ ತಿಳಿಸುವ ‘ಟ್ರಿಮ್’ ಎಂಬ ಆಜ್ಞೆ 2009ರ ವಿಂಡೋಸ್ 7ರಿಂದ ಬಳಕೆಗೆ ಬಂದಿದೆ. ಇದರಿಂದ ಎಸ್.ಎಸ್.ಡಿ.ಯಲ್ಲಿ ಅಳಿಸಿದ್ದು ಬೇಗನೆ ನಿಜವಾಗಿಯೂ ಅಳಿಯುವ ಸಂಭವ ಹೆಚ್ಚು; ಆದರೆ ಯಾವ ಪುಟ ಯಾವಾಗ ಅಳಿಯುವುದೆಂಬುದು ನಮ್ಮ ಕೈಯಲ್ಲಿಲ್ಲ.

ಯಂತ್ರವನ್ನು ಮಾರುವ ಅಥವಾ ದಾನಮಾಡುವ ಮುನ್ನ ಏನು ಮಾಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾರ್ಡ್ ಡಿಸ್ಕಾದರೆ ಅದರ ತುಂಬ ಒಮ್ಮೆ ಸೊನ್ನೆಗಳನ್ನು ಬರೆದರೆ ಸಾಕು. ತ್ವರಿತ ಫಾರ್ಮ್ಯಾಟಿನಿಂದ ಇದು ಆಗುವುದಿಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಈ ಕೆಲಸವನ್ನು ಮಾಡುತ್ತದೆ. ಎಸ್.ಎಸ್.ಡಿ.ಯಾದರೆ ಅದರ ತಯಾರಕರು ಕೊಡುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಇದಕ್ಕಿಂತ ಸೊಗಸಾದ ಉಪಾಯವೆಂದರೆ ಮೊದಲ ದಿನದಿಂದಲೇ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿ ಇಡುವುದು. 256 ಬಿಟ್ ಎಂದರೆ ಕೇವಲ 32 ಬೈಟುಗಳಷ್ಟಿರುವ ಕೀಲಿಯನ್ನು ನಾಶಮಾಡಿದರೆ ಸಾಕು, ಮಿಕ್ಕ ಸಾವಿರಾರು ಕೋಟಿ ಬೈಟುಗಳು ಯಾರಿಗೂ ಅರ್ಥವಾಗದ ಅಕ್ಷರರಾಶಿಯಾಗಿ ಉಳಿಯುತ್ತವೆ.

ಮೊಬೈಲ್ ಫೋನಿನ ಮಾತನ್ನೂ ಇಲ್ಲಿ ಹೇಳಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿಯೊಂದು ಆಪಿಗೂ ತನ್ನದೇ ಬೇಲಿಯೊಳಗಿನ ಜಾಗವಿದ್ದು, ಆಪನ್ನು ತೆಗೆದಾಗ ಅಲ್ಲಿರುವುದೆಲ್ಲ ಜೊತೆಯಲ್ಲಿಯೇ ಹೋಗುತ್ತದೆ. ಈ ವಿಷಯದಲ್ಲಿ ಅದು ಕಂಪ್ಯೂಟರಿಗಿಂತ ಅಚ್ಚುಕಟ್ಟು. ಆದರೆ ಬೇಲಿಯ ಹೊರಗೆ ಇಟ್ಟ ಚಿತ್ರ, ಕಡತಗಳು ಉಳಿಯುತ್ತವೆ. ಅದಕ್ಕಿಂತ ಮುಖ್ಯವಾಗಿ, ದೂರದ ಯಂತ್ರಗಳಲ್ಲಿ ನಮ್ಮ ಹೆಸರಿನಲ್ಲಿರುವ ಖಾತೆ ಹಾಗೆಯೇ ಇರುತ್ತದೆ; ತಿಂಗಳು ತಿಂಗಳೂ ಹಣ ಕಡಿತವಾಗುವ ಒಪ್ಪಂದವಿದ್ದರೆ ಅದೂ ನಡೆಯುತ್ತಲೇ ಇರುತ್ತದೆ. ಆದುದರಿಂದ ಮೊದಲು ಒಪ್ಪಂದವನ್ನು ರದ್ದುಮಾಡಿ, ಬಳಿಕ ಖಾತೆಯನ್ನು ಅಳಿಸಿ, ಕೊನೆಗೆ ಆಪನ್ನು ತೆಗೆಯುವುದು ಸರಿಯಾದ ಕ್ರಮ. ತನ್ನ ವೈಯಕ್ತಿಕ ಮಾಹಿತಿಯನ್ನು ಅಳಿಸಿರೆಂದು ಕೇಳುವ ಹಕ್ಕನ್ನು ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿಯೂ ಸೇರಿಸಲಾಗಿದೆ.

ಅಳಿಸುವುದೂ ಒಂದು ಕೆಲಸ

ಬರೆಯುವುದಕ್ಕೆ ಶ್ರಮ ಬೇಕು, ಅಳಿಸುವುದಕ್ಕೆ ಏನೂ ಬೇಡ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ನಿಸರ್ಗದ ನಿಯಮ ಹಾಗಿಲ್ಲ. ಒಂದು ಬಿಟ್ ಮಾಹಿತಿಯನ್ನು ಅಳಿಸಬೇಕಾದರೆ ಕನಿಷ್ಠ ಇಷ್ಟು ಶಕ್ತಿ ಉಷ್ಣರೂಪದಲ್ಲಿ ವ್ಯಯವಾಗಲೇಬೇಕೆಂದು ರಾಲ್ಫ್ ಲ್ಯಾಂಡಾವರ್ ಎಂಬ ಭೌತವಿಜ್ಞಾನಿ 1961ರಲ್ಲಿ ತೋರಿಸಿಕೊಟ್ಟರು. ಕೋಣೆಯ ಉಷ್ಣತೆಯಲ್ಲಿ ಅದು ಸುಮಾರು 2.9 × 10⁻²¹ ಜೌಲ್. ಫ್ರಾನ್ಸಿನ ಲಿಯಾನಿನ ಪ್ರಯೋಗಶಾಲೆಯೊಂದರಲ್ಲಿ, ಲೇಸರ್ ಕಿರಣಗಳಲ್ಲಿ ಸಿಕ್ಕಿಸಿದ ಸೂಕ್ಷ್ಮ ಕಣವೊಂದರ ಮೂಲಕ ಮಾಡಿದ ಪ್ರಯೋಗ 2012ರಲ್ಲಿ ಪ್ರಕಟವಾಗಿ ಈ ಮಾತನ್ನು ಸ್ಥಿರಪಡಿಸಿತು. ನಮ್ಮ 256 ಗಿಗಾಬೈಟಿನ ಡಿಸ್ಕಿಗೆ ಲೆಕ್ಕ ಹಾಕಿದರೆ ಇದು ಒಂದು ಜೌಲಿನ ಸುಮಾರು 17 ಕೋಟಿಯಲ್ಲಿ ಒಂದು ಪಾಲು ಮಾತ್ರ. ಇಂದಿನ ಯಂತ್ರಗಳು ಇದಕ್ಕಿಂತ ಬಹುಪಾಲು ಹೆಚ್ಚು ಶಕ್ತಿಯನ್ನು ವ್ಯಯಮಾಡುತ್ತವೆ. ಆದರೂ ಅದು ಸೊನ್ನೆಯಲ್ಲ ಎಂಬುದೇ ಇಲ್ಲಿನ ತಿರುಳು.

ಆದುದರಿಂದ ಒಂದು ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಎಲ್ಲವೂ ಅಳಿಯಿತೆಂದು ತಿಳಿಯಬಾರದು. ಏನೋ ಉಳಿಯಿತೆಂದು ಗಾಬರಿಯಾಗಲೂ ಬಾರದು. ಉಳಿದದ್ದು ಸತ್ತಿದೆಯೋ, ಓಡಾಡುತ್ತಿದೆಯೋ, ನಮ್ಮ ಗುಟ್ಟನ್ನು ಹೊತ್ತಿದೆಯೋ ಎಂದು ಮೊದಲು ವಿಚಾರಿಸಬೇಕು. ಸತ್ತದ್ದನ್ನು ಅದರ ಪಾಡಿಗೆ ಬಿಡಬಹುದು, ಓಡಾಡುವುದನ್ನು ನಿಲ್ಲಿಸಬೇಕು, ಗುಟ್ಟನ್ನು ಹೊತ್ತಿರುವುದನ್ನು ಯಂತ್ರ ಪರರ ಕೈಗೆ ಹೋಗುವ ಮೊದಲು ನಿಶ್ಶೇಷವಾಗಿ ಅಳಿಸಬೇಕು. ಇಷ್ಟನ್ನು ವಿಂಗಡಿಸಿ ನೋಡಬಲ್ಲ ವಿದ್ಯಾರ್ಥಿಗೆ ಶುಚಿಮಾಡುವ ತಂತ್ರಾಂಶವನ್ನು ಕೊಳ್ಳುವ ಅವಶ್ಯಕತೆ ಬಹುಮಟ್ಟಿಗೆ ಬೀಳದು.